ಹಡಗಿನ ದಿನಚರಿಯಲ್ಲಿ ಉಳಿದ ಗಾಳಿ

ಹಡಗೊಂದು ಬಂದರು ಬಿಟ್ಟ ಗಳಿಗೆಯಿಂದ ಇನ್ನೊಂದು ಬಂದರಿನಲ್ಲಿ ಲಂಗರು ಹಾಕುವವರೆಗೆ ಅದು ಸಾಗಿದ ದಿಕ್ಕು, ದೂರ, ವೇಗ, ಬೀಸಿದ ಗಾಳಿ, ಕಡಲಿನ ಸ್ಥಿತಿ ಮತ್ತು ಹಡಗಿನ ಮೇಲೆ ನಡೆದ ಕೆಲಸಕಾರ್ಯಗಳನ್ನು ಹೊತ್ತು ಹೊತ್ತಿಗೆ ಬರೆದಿಡುವ ಪುಸ್ತಕಕ್ಕೆ ಲಾಗ್‌ಪುಸ್ತಕವೆಂದು ಹೆಸರು. ಲಾಗ್ ಎಂದರೆ ಮರದ ತುಂಡು. ಹಾಯಿಹಡಗುಗಳ ಕಾಲದಲ್ಲಿ, ಸಮ ಅಂತರದಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಮರದ ಹಲಗೆಯೊಂದನ್ನು ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆ ಎಸೆದು, ಮರಳುಗಡಿಯಾರ ಬರಿದಾಗುವಷ್ಟರಲ್ಲಿ ಕೈಯಿಂದ ಜಾರಿದ ಗಂಟುಗಳನ್ನು ಎಣಿಸಿ ವೇಗವನ್ನು ತಿಳಿಯುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ‘ನಾಟ್’, ಅಂದರೆ ಗಂಟು, ಎಂಬ ಮಾನದಲ್ಲಿ ಹೇಳುವುದಕ್ಕೂ ಆ ಲೆಕ್ಕ ಬರೆಯುವ ಪುಸ್ತಕಕ್ಕೆ ಮರದ ತುಂಡಿನ ಹೆಸರು ಅಂಟಿಕೊಂಡದ್ದಕ್ಕೂ ಇದೇ ಕಾರಣ. ಈ ಪುಸ್ತಕಗಳನ್ನು ಬರೆದವರು ಒಂದು ಉದ್ದೇಶಕ್ಕೆ ಬರೆದರು, ಕಾಪಾಡಿದವರು ಇನ್ನೊಂದು ಉದ್ದೇಶಕ್ಕೆ ಕಾಪಾಡಿದರು, ಕಳೆದ ಒಂದೂವರೆ ದಶಕದಿಂದ ಇವುಗಳನ್ನು ಪುಟಪುಟವಾಗಿ ಓದಿ ನಕಲು ಮಾಡುತ್ತಿರುವ ಸಾವಿರಾರು ಸ್ವಯಂಸೇವಕರು ಓದುತ್ತಿರುವುದು ಮೂರನೆಯದೊಂದು ಉದ್ದೇಶಕ್ಕೆ.

ಮೊದಲಿನ ಉದ್ದೇಶ ತೀರ ವ್ಯಾವಹಾರಿಕವಾದದ್ದು. ಹಾಯಿಯನ್ನೇ ನಂಬಿದ ಹಡಗಿಗೆ ಗಾಳಿಯೇ ಇಂಧನವಾದ್ದರಿಂದ ಅದರ ದಿಕ್ಕು ಮತ್ತು ಬಲವನ್ನು ಬರೆದಿಡದೆ ಹಡಗು ಎಲ್ಲಿದೆ ಎಂಬುದನ್ನು ಲೆಕ್ಕ ಹಾಕಲು ಸಾಧ್ಯವಿರಲಿಲ್ಲ. ಆವಿಯ ಯಂತ್ರ ಬಂದ ಮೇಲೂ ವಾಯುಭಾರಮಾಪಕದ ಪಾದರಸ ಇಳಿಯತೊಡಗಿತೆಂದರೆ ಬಿರುಗಾಳಿ ಹತ್ತಿರವಿದೆ ಎಂಬ ಎಚ್ಚರಿಕೆ ಸಿಗುತ್ತಿದ್ದುದರಿಂದ ಅದರ ಮೇಲೆ ಸದಾ ಒಂದು ಕಣ್ಣಿಡಬೇಕಾಗಿತ್ತು. ಇದಕ್ಕಿಂತ ಮುಖ್ಯವಾಗಿ, ಹಡಗು ಬಂಡೆಗೆ ಬಡಿದರೆ ಅಥವಾ ದಾರಿ ತಪ್ಪಿದರೆ ಮುಂದೆ ವಿಚಾರಣೆ ನಡೆಯುವಾಗ ಕಪ್ತಾನನು ಆ ಹೊತ್ತಿನಲ್ಲಿ ಏನು ಕಂಡ, ಏನು ಮಾಡಿದ ಎಂಬುದಕ್ಕೆ ಲಾಗ್‌ಪುಸ್ತಕವೇ ಸಾಕ್ಷಿಯಾಗುತ್ತಿತ್ತು. ಹೀಗಾಗಿ ಯುದ್ಧನೌಕೆಯ ಅಧಿಕಾರಿ ಪ್ರತಿ ಪಾಳಿಯ ಕೊನೆಗೆ ಹವೆಯ ವಿವರವನ್ನು ಬರೆಯುತ್ತಿದ್ದುದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ, ನಾಳೆ ಯಾರಾದರೂ ಕೇಳಿದರೆ ಉತ್ತರ ಇರಲಿ ಎಂಬ ಮುಂಜಾಗ್ರತೆಯಿಂದ. ಎರಡನೆಯ ಉದ್ದೇಶವೂ ಆಡಳಿತದ್ದೇ. ನೌಕಾಪಡೆಯ ಕಾಗದಪತ್ರಗಳೆಂಬ ಕಾರಣಕ್ಕೆ ಅವು ಕಪಾಟು ಸೇರಿ ಅಲ್ಲಿಯೇ ಉಳಿದವು.

ಮೂರನೆಯ ಉದ್ದೇಶವನ್ನು ತಿಳಿಯಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ದಿನದ, ಒಂದು ಊರಿನ ಬಿಸಿಲು ಮಳೆ ಗಾಳಿಗಳ ಸ್ಥಿತಿ ಹವೆ. ಅಂಥ ಹವೆ ಹತ್ತಾರು ವರ್ಷಗಳ ಕಾಲ ಹೇಗಿತ್ತು, ಅದರ ಸರಾಸರಿ ಏನು, ಏರುಪೇರಿನ ಮಿತಿ ಎಷ್ಟು ಎಂಬುದು ವಾಯುಗುಣ. ವಾಯುಗುಣ ಬದಲಾಗಿದೆಯೇ ಎಂದು ಹೇಳಬೇಕಾದರೆ ಹಿಂದಿನ ಹವೆಯ ಲೆಕ್ಕ ಕೈಯಲ್ಲಿರಬೇಕು, ಅದೂ ಇಡೀ ಭೂಮಿಯದಾಗಿರಬೇಕು. ನೆಲದ ಮೇಲೆ ವೀಕ್ಷಣಾಲಯಗಳಿದ್ದವು, ಆದರೆ ಭೂಮಿಯ ಮೇಲ್ಮೈಯ ಶೇಕಡಾ 70ಕ್ಕೂ ಹೆಚ್ಚು ಭಾಗವನ್ನು ಆವರಿಸಿರುವ ಕಡಲಿನ ಮೇಲೆ ವೀಕ್ಷಣಾಲಯ ಕಟ್ಟುವವರಾರು? ಉಪಗ್ರಹಗಳು ಕಡಲನ್ನು ಕ್ರಮವಾಗಿ ಗಮನಿಸತೊಡಗಿದ್ದು 1970ರ ದಶಕದ ಈಚೆಗೆ. ಅದಕ್ಕೂ ಹಿಂದಿನ ಕಾಲಕ್ಕೆ ಸಾಗರದ ಹವೆಯನ್ನು ಕಂಡು ಬರೆದ ಸಾಕ್ಷಿಯೆಂದರೆ ಅದರ ಮೇಲೆ ಹಾದುಹೋದ ಹಡಗು ಮಾತ್ರ.

ಬ್ರಿಟಿಷ್ ನೌಕಾಪಡೆಯ ಮೊದಲ ಮಹಾಯುದ್ಧ ಕಾಲದ ಲಾಗ್‌ನ ಒಂದು ಪುಟವನ್ನು ಹತ್ತಿರದಿಂದ ನೋಡಿದರೆ ಈ ಸಾಕ್ಷಿಯ ಸ್ವರೂಪ ತಿಳಿಯುತ್ತದೆ. ಅಚ್ಚು ಹಾಕಿದ ಗೆರೆಗಳ ನಡುವೆ, ಎಡಕ್ಕೆ ಗಂಟೆಗಳ ಸಾಲು. ಅದರ ಪಕ್ಕದಲ್ಲಿ ಸಾಗಿದ ದೂರ, ದಿಕ್ಸೂಚಿಯ ದಿಕ್ಕು, ಗಾಳಿಯ ದಿಕ್ಕು, ಅದರ ಬಲ, ಹವೆಯ ಸಂಕೇತಾಕ್ಷರ, ಅಲೆಗಳ ಸ್ಥಿತಿ. ಮುಂದೆ ಅಂಗುಲಗಳಲ್ಲಿ ವಾಯುಭಾರ, ಫ್ಯಾರನ್‌ಹೀಟ್ ಡಿಗ್ರಿಗಳಲ್ಲಿ ಗಾಳಿಯ ಉಷ್ಣತೆ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಇನ್ನೊಂದು ಉಷ್ಣತಾಮಾಪಕದ ಅಂಕಿ, ಕಡಲ ನೀರಿನ ಉಷ್ಣತೆ. ಒಣ ಮಾಪಕಕ್ಕೂ ಒದ್ದೆ ಮಾಪಕಕ್ಕೂ ಇರುವ ಅಂತರದಿಂದ ಗಾಳಿಯ ತೇವಾಂಶ ಗೊತ್ತಾಗುತ್ತದೆ. ಈ ಅಳತೆಗಳು ಸಾಮಾನ್ಯವಾಗಿ ನಾಲ್ಕು ಗಂಟೆಗಳಿಗೊಮ್ಮೆ, ಅಂದರೆ ಪಾಳಿಗೊಂದರಂತೆ ದಾಖಲಾಗುತ್ತಿದ್ದವು. ನಡುಹಗಲಿನ ಹೊತ್ತಿಗೆ ಹಡಗು ಇದ್ದ ಅಕ್ಷಾಂಶ ರೇಖಾಂಶಗಳನ್ನೂ, ಆ ದಿನ ಕಾಯಿಲೆ ಬಿದ್ದವರ ಸಂಖ್ಯೆಯನ್ನೂ ಬರೆಯಲು ಬೇರೆ ಜಾಗವಿತ್ತು. ಉಳಿದ ಅಗಲವೆಲ್ಲ ಷರಾಗಳಿಗೆ ಮೀಸಲು: ಡೆಕ್ಕು ತೊಳೆದದ್ದು, ಕಲ್ಲಿದ್ದಲು ತುಂಬಿದ್ದು, ಮಾಂಸ ಬಂದದ್ದು, ಪ್ರಾರ್ಥನೆ ನಡೆದದ್ದು, ದೂರದಲ್ಲಿ ಹೊಗೆ ಕಂಡದ್ದು.

ಗಾಳಿಯ ಬಲವನ್ನು ಬರೆಯುವ ಕ್ರಮದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಇಡೀ ವ್ಯವಹಾರ ನಿಂತಿರುವುದು ಅದರ ಮೇಲೆ. ಗಾಳಿಯ ವೇಗವನ್ನು ಅಳೆಯುವ ಯಂತ್ರ ಹಡಗಿನಲ್ಲಿರಲಿಲ್ಲ, ಇದ್ದರೂ ಓಡುವ ಹಡಗಿನ ಮೇಲೆ ಅದರ ಅಂಕಿಯನ್ನು ನಂಬುವುದು ಕಷ್ಟವಾಗಿತ್ತು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1806ರಲ್ಲಿ ತನ್ನ ಖಾಸಗಿ ದಿನಚರಿಯಲ್ಲಿ ಬರೆದುಕೊಂಡ ಮಾಪನಶ್ರೇಣಿ ಈ ತೊಡಕನ್ನು ಬಿಡಿಸಿತು: ಗಾಳಿಯನ್ನು ಅಳೆಯುವ ಬದಲು ಗಾಳಿ ಹಡಗಿಗೆ ಏನು ಮಾಡುತ್ತದೆ ಎಂಬುದನ್ನು ನೋಡಿ ಅಂಕಿ ಕೊಡುವುದು. ಸೊನ್ನೆ ಎಂದರೆ ಗಾಳಿ ಸತ್ತಿದೆ. 12 ಎಂದರೆ ಯಾವ ಹಾಯಿಬಟ್ಟೆಯೂ ತಾಳದಂಥ ಚಂಡಮಾರುತ. ನಡುವಿನ ಅಂಕಿಗಳು ಎಷ್ಟು ಹಾಯಿಗಳನ್ನು ಬಿಚ್ಚಿಟ್ಟು ಸಾಗಬಹುದು ಎಂಬುದರ ಮೇಲೆ ನಿರ್ಧಾರವಾಗುತ್ತಿದ್ದವು. 1838ರಲ್ಲಿ ಬ್ರಿಟಿಷ್ ನೌಕಾಪಡೆ ಇದನ್ನು ಎಲ್ಲ ಹಡಗುಗಳಿಗೂ ಕಡ್ಡಾಯ ಮಾಡಿತು. ಆಕಾಶದ ಸ್ಥಿತಿಗೂ ಬೋಫರ್ಟನದೇ ಅಕ್ಷರಗಳು ಬಂದವು. ‘ಬಿ’ ಎಂದರೆ ನೀಲಿ ಆಕಾಶ, ‘ಸಿ’ ಎಂದರೆ ಅಲ್ಲಲ್ಲಿ ಮೋಡ, ‘ಓ’ ಎಂದರೆ ಪೂರ್ತಿ ಮೋಡ, ‘ಆರ್’ ಎಂದರೆ ಮಳೆ, ‘ಎಫ್’ ಎಂದರೆ ಮಂಜು, ‘ಕ್ಯೂ’ ಎಂದರೆ ಥಟ್ಟನೆ ಎದ್ದು ಬೀಸುವ ಗಾಳಿ. ‘ಯು’ ಎಂಬ ಅಕ್ಷರಕ್ಕಂತೂ ಅಂದಗೆಟ್ಟು ಹೆದರಿಸುವ ಆಕಾಶ ಎಂದು ಅರ್ಥ. ಒಬ್ಬನ ಕಣ್ಣಂದಾಜು ಇನ್ನೊಬ್ಬನಿಗೂ ಅರ್ಥವಾಗುವ ಅಂಕಿಯಾದದ್ದು ಹೀಗೆ, ಮತ್ತು ನೂರಾರು ವರ್ಷಗಳ ಮೇಲೆ ಅದನ್ನು ಕಂಪ್ಯೂಟರಿಗೆ ಉಣಿಸಲು ಸಾಧ್ಯವಾದದ್ದೂ ಇದರಿಂದಲೇ.

ಈ ಪುಸ್ತಕಗಳಿಂದ ಹವೆಯನ್ನು ಹೊರತೆಗೆಯುವ ಸಾರ್ವಜನಿಕ ಯತ್ನಗಳಲ್ಲಿ ಹೆಸರಾದದ್ದು 2010ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಓಲ್ಡ್ ವೆದರ್’ ಯೋಜನೆ. ಅಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್, ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಸಾಮಾನ್ಯ ಜನರನ್ನು ವಿಜ್ಞಾನದ ಕೆಲಸಕ್ಕೆ ಸೇರಿಸಿಕೊಳ್ಳುವ ‘ಝೂನಿವರ್ಸ್’ ತಾಣ ಕೈಜೋಡಿಸಿದ ಈ ಯೋಜನೆಯ ವಿಜ್ಞಾನದ ಭಾಗಕ್ಕೆ ಮೆಟ್ ಆಫೀಸಿನ ಫಿಲಿಪ್ ಬ್ರೋಹನ್ ನೇತೃತ್ವ ವಹಿಸಿದ್ದರು. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಿಂದ ಮೊದಲ ಮಹಾಯುದ್ಧದ ಆಸುಪಾಸಿನ ಕಾಲದ ನೌಕಾಪಡೆಯ ಲಾಗ್‌ಗಳನ್ನು ಆಯ್ದು ಪುಟಪುಟವನ್ನೂ ಛಾಯಾಚಿತ್ರ ತೆಗೆದು ಸಾರ್ವಜನಿಕರ ಮುಂದೆ ಇಡಲಾಯಿತು. ಆ ಕಾಲವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಯುದ್ಧದಿಂದಾಗಿ ವಾಣಿಜ್ಯ ಹಡಗುಗಳ ಸಂಚಾರ ಅಸ್ತವ್ಯಸ್ತವಾಗಿ ಅವುಗಳಿಂದ ಬರುತ್ತಿದ್ದ ಹವೆಯ ವರದಿಗಳು ಬತ್ತಿಹೋಗಿದ್ದವು. ಅದೇ ಹೊತ್ತಿನಲ್ಲಿ ಯುದ್ಧನೌಕೆಗಳು ಹಿಂದೆಂದೂ ಹೋಗದ ಮೂಲೆಗಳಿಗೂ ಹೋಗಿ ಬಂದಿದ್ದವು.

ಯಂತ್ರವೇ ಓದಬಹುದಿತ್ತಲ್ಲ ಎಂದು ಕೇಳಬಹುದು. ಅಚ್ಚಾದ ಅಕ್ಷರವನ್ನು ಓದುವ ತಂತ್ರಾಂಶ ಆಗ ಧಾರಾಳವಾಗಿತ್ತು, ಆದರೆ ಅಲ್ಲಾಡುವ ಹಡಗಿನಲ್ಲಿ, ಮಂದ ದೀಪದಲ್ಲಿ, ಪಾಳಿ ಮುಗಿಸಿ ಮಲಗುವ ಆತುರದಲ್ಲಿ ಬರೆದ ಕೈಬರಹದ ಮುಂದೆ ಅದು ಸೋಲುತ್ತಿತ್ತು. ಒಬ್ಬನ 7 ಇನ್ನೊಬ್ಬನ 1ರಂತೆ, ಒಬ್ಬನ ಸೊನ್ನೆ ಇನ್ನೊಬ್ಬನ 6ರಂತೆ ಕಾಣುತ್ತದೆ. ಹಿಂದಿನ ಪುಟದ ಮಸಿ ಸೋರಿ ಮುಂದಿನ ಪುಟದ ಅಂಕಿಯ ಮೇಲೆ ಕೂತಿರುತ್ತದೆ. ಒಂದೇ ಅಂಕಿ ಕೆಳಗಿನ ಸಾಲುಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಎರಡು ಚುಕ್ಕೆಗಳಲ್ಲಿ ಸೂಚಿಸಿರುತ್ತಾರೆ. ಮನುಷ್ಯನ ಕಣ್ಣು ಹತ್ತು ಪುಟ ಓದುವಷ್ಟರಲ್ಲಿ ಆ ಕೈಬರಹದ ಜಾಡು ಹಿಡಿಯುತ್ತದೆ. ಆದರೂ ಒಂದೇ ಕಣ್ಣನ್ನು ನಂಬುವುದು ತಪ್ಪೆಂದು ಆರಂಭದ ಹಂತದಲ್ಲಿ ಪ್ರತಿಯೊಂದು ಪುಟವನ್ನೂ ಮೂವರು ಬೇರೆಬೇರೆ ಓದುಗರಿಗೆ ಕೊಟ್ಟು, ಅವರ ನಕಲುಗಳನ್ನು ತಾಳೆ ನೋಡಿ, ಬಹುಮತಕ್ಕೆ ಬಂದ ಅಂಕಿಯನ್ನು ಸ್ವೀಕರಿಸುವ ಕ್ರಮವನ್ನು ಇಟ್ಟುಕೊಳ್ಳಲಾಯಿತು. ಊರಿನ ಲೆಕ್ಕಪತ್ರವನ್ನು ಮೂವರು ಹಿರಿಯರಿಂದ ಓದಿಸುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಓದುವವರಿಗೆ ಆಟದ ಹುಮ್ಮಸ್ಸೂ ಇರಲಿ ಎಂದು ಯೋಜಕರು ಹಡಗಿನ ದರ್ಜೆಗಳನ್ನೇ ಅವರಿಗೂ ಕೊಟ್ಟರು. ಒಂದು ಹಡಗನ್ನು ಆರಿಸಿಕೊಂಡವನು ಮೊದಲು ಕೆಡೆಟ್, ಕೆಲಸ ಹೆಚ್ಚಿದಂತೆ ಲೆಫ್ಟಿನೆಂಟ್, ಆ ಹಡಗಿನ ಪುಟಗಳನ್ನು ಎಲ್ಲರಿಗಿಂತ ಹೆಚ್ಚು ನಕಲು ಮಾಡಿದವನು ಕ್ಯಾಪ್ಟನ್. ಅವನನ್ನು ಮೀರಿಸಿದರೆ ಪದವಿ ಇನ್ನೊಬ್ಬರ ಪಾಲು. ಆದರೆ 2012ರ ಬೇಸಿಗೆಯ ಹೊತ್ತಿಗೆ 16,000ಕ್ಕೂ ಹೆಚ್ಚು ಜನ ಸೇರಿ ಹತ್ತು ಲಕ್ಷ ಪುಟಗಳನ್ನು ದಾಟಿ, ಹವೆಯ ಸುಮಾರು 16 ಲಕ್ಷ ದಾಖಲೆಗಳನ್ನು ಹೊರತೆಗೆದದ್ದು ಈ ಬಿರುದುಗಳ ಆಸೆಯಿಂದಲೇ ಎಂದು ಹೇಳಲಾಗದು. ಹೆಚ್ಚಿನವರು ಬಂದು ಸ್ವಲ್ಪ ಕಾಲ ಇದ್ದು ಹೋದರೆ, ವರ್ಷಗಟ್ಟಲೆ ಕುಳಿತವರು ಕುಳಿತದ್ದು ಆ ಷರಾಗಳ ಅಂಕಣಕ್ಕಾಗಿ.

ವಿಜ್ಞಾನಿಗಳಿಗೆ ಬೇಕಾಗಿದ್ದುದು ವಾಯುಭಾರದ ಅಂಕಿ. ಡೆಕ್ಕಿನ ಮೇಲೆ ಏನು ನಡೆಯಿತೆಂಬುದು ಅವರ ಲೆಕ್ಕಕ್ಕೆ ಬರುವಂಥದ್ದಲ್ಲ. ಸ್ವಯಂಸೇವಕರಿಗೆ ಬೇಕಾಗಿದ್ದುದು ನಾಳಿನ ಪುಟದಲ್ಲಿ ಹಡಗಿಗೆ ಏನಾಯಿತು ಎಂಬ ಕಥೆ. ವಾಯುಭಾರ ಅದಕ್ಕೆ ತೆತ್ತ ಸುಂಕ. ಒಬ್ಬರಿಗೆ ಹೊಟ್ಟಾದದ್ದು ಇನ್ನೊಬ್ಬರಿಗೆ ಕಾಳಾದ ಈ ಕೊಡುಕೊಳ್ಳುವಿಕೆ ಯೋಜನೆಯನ್ನು ನಡೆಸಿತು ಎಂದರೆ ತಪ್ಪಾಗದು. ಸರ್ಕಾರಿ ಸಾಮಾನು ಕಳೆದರೆ ಲೆಕ್ಕ ಕೊಡಬೇಕಾಗಿದ್ದುದರಿಂದ, ಕೈತಪ್ಪಿ ಕಡಲಿಗೆ ಬಿದ್ದ ವಸ್ತುಗಳನ್ನು ಅಧಿಕಾರಿಗಳು ತಪ್ಪದೆ ಬರೆಯುತ್ತಿದ್ದರು. ಬಕೆಟ್ಟು, ಪೊರಕೆಗಳಂಥ ಈ ಪಟ್ಟಿಯನ್ನು ಓದುಗರು ವಿನೋದಕ್ಕಾಗಿ ಕೂಡಿಸುತ್ತಾ ಹೋದರು. ವಿನೋದವಿಲ್ಲದ ಅಂಕಣವೂ ಇತ್ತು. ಕಾಯಿಲೆಯವರ ಸಂಖ್ಯೆ ಬರೆಯುವ ಜಾಗದಲ್ಲಿ ತಿಂಗಳುಗಟ್ಟಲೆ ಒಂದಂಕಿ ಎರಡಂಕಿಗಳು ಕಾಣುತ್ತಿದ್ದು, 1918ರ ಉತ್ತರಾರ್ಧದಲ್ಲಿ ಅವು ಒಮ್ಮೆಲೇ ಏರುತ್ತವೆ. ಆಗ ಜಗತ್ತನ್ನು ಸುತ್ತುತ್ತಿದ್ದ ಮಹಾ ಇನ್‌ಫ್ಲುಯೆಂಜಾ ಜ್ವರ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನ ಫ್ರೀಟೌನ್ ಬಂದರನ್ನು ಹೊಕ್ಕಿತ್ತು. ಅಲ್ಲಿದ್ದ ‘ಆಫ್ರಿಕ’ ಎಂಬ ಯುದ್ಧನೌಕೆಯ ಸುಮಾರು ಎಂಟುನೂರು ಜನರಲ್ಲಿ ಸೆಪ್ಟೆಂಬರ್ ಮೊದಲ ಭಾಗದಲ್ಲೇ ನಾನ್ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಪುಟಗಳನ್ನು ಓದಿದವರು ಹವೆಯ ಅಂಕಿಗಳಿಗೆ ನಿಲ್ಲದೆ, ಸತ್ತವರ ಹೆಸರುಗಳನ್ನೂ ಹಡಗಿನ ದಿನನಿತ್ಯದ ಆಗುಹೋಗುಗಳನ್ನೂ ಬೇರೆಯಾಗಿ ನಕಲು ಮಾಡಿ ನೌಕಾ ಇತಿಹಾಸದ ಆಸಕ್ತರಿಗೆ ಒದಗಿಸಿದರು. ಅದನ್ನು ಯಾರೂ ಅವರಿಂದ ಕೇಳಿರಲಿಲ್ಲ.

ಓದುಗರ ತಪ್ಪುಗಳನ್ನು ತಾಳೆ ನೋಡಿ ಕಳೆಯಬಹುದು. ಬರೆದವನೇ ಮಾಡಿದ ತಪ್ಪನ್ನು ಕಳೆಯುವುದು ಬೇರೆ ಬಗೆಯ ಕೆಲಸ. ವಾಯುಭಾರವನ್ನು 30 ಅಂಗುಲದ ಬದಲು 29 ಎಂದು ಬರೆದರೆ ಶಾಂತವಾದ ದಿನವೊಂದು ಕಾಗದದ ಮೇಲೆ ಬಿರುಗಾಳಿಯಾಗುತ್ತದೆ. ಪೂರ್ವ ಎನ್ನುವ ಕಡೆ ಪಶ್ಚಿಮ ಎಂದು ಬರೆದರಂತೂ ಅವಾಂತರವೇ: ಹಿಂದೂ ಮಹಾಸಾಗರದ ನಡುವೆ, ಭೂಮಧ್ಯರೇಖೆಯ ತುಸು ದಕ್ಷಿಣಕ್ಕೆ, 60 ಡಿಗ್ರಿ ಪೂರ್ವ ರೇಖಾಂಶದಲ್ಲಿ ಸಾಗುತ್ತಿರುವ ಹಡಗು ಒಂದಕ್ಷರದ ವ್ಯತ್ಯಾಸದಿಂದ ಅಮೆಜಾನ್ ಕಾಡಿನ ಮನಾವ್ಸ್ ಊರಿನ ಬಳಿಗೆ ಹೋಗಿ ನಿಲ್ಲುತ್ತದೆ. ಹಡಗಿನ ಹಿಂದಿನ ದಿನದ ಮತ್ತು ಮರುದಿನದ ಸ್ಥಾನಗಳನ್ನು ನಕಾಶೆಯಲ್ಲಿ ಜೋಡಿಸಿದಾಗ ಇಂಥವು ಕಣ್ಣಿಗೆ ಹೊಡೆಯುತ್ತವೆ. ಬಂದರಿನಲ್ಲಿ ನಿಂತ ದಿನಗಳಲ್ಲಿ ಅಕ್ಷಾಂಶ ರೇಖಾಂಶಗಳನ್ನು ಬರೆಯದೆ ಊರಿನ ಹೆಸರನ್ನಷ್ಟೇ ಬರೆಯುತ್ತಿದ್ದರಿಂದ, ಹಳೆಯ ಕಾಗುಣಿತದ ಆ ಊರು ಇಂದಿನ ಯಾವುದು ಎಂದು ಪತ್ತೆ ಹಚ್ಚುವುದೂ ಕೆಲಸದ ಭಾಗವಾಗಿತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದ ತಪ್ಪು ಅಂಕಿಯಲ್ಲಿರದೆ ಅಳೆಯುವ ರೀತಿಯಲ್ಲೇ ಅಡಗಿರುತ್ತದೆ. ಕಡಲ ನೀರಿನ ಉಷ್ಣತೆಯನ್ನು ತಿಳಿಯಲು ಹಡಗಿನವರು ಕ್ಯಾನ್ವಾಸ್ ಬಟ್ಟೆಯ ಬಕೆಟ್ಟನ್ನು ಹಗ್ಗ ಕಟ್ಟಿ ಕೆಳಗಿಳಿಸಿ, ನೀರು ಮೊಗೆದು ಮೇಲೆಳೆದು, ಡೆಕ್ಕಿನ ಮೇಲಿಟ್ಟು ಉಷ್ಣತಾಮಾಪಕ ಅದ್ದುತ್ತಿದ್ದರು. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲಿ ತಣ್ಣಗಾಗುವುದು ಹೇಗೆಂದು ಬಲ್ಲವರಿಗೆ ಇಲ್ಲಿನ ತೊಡಕನ್ನು ವಿವರಿಸಬೇಕಿಲ್ಲ: ಬಟ್ಟೆಯಿಂದ ಜಿನುಗಿದ ನೀರು ಗಾಳಿಗೆ ಆರುತ್ತಾ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ, ಅಳೆಯುವಷ್ಟರಲ್ಲಿ ನೀರು ಕಡಲಿಗಿಂತ ತುಸು ತಣ್ಣಗಾಗಿರುತ್ತದೆ. ಮುಂದೆ ಯಂತ್ರವನ್ನು ತಂಪು ಮಾಡಲು ಹಡಗಿನೊಳಕ್ಕೆ ಎಳೆದುಕೊಳ್ಳುವ ನೀರಿನ ಉಷ್ಣತೆಯನ್ನೇ ಬರೆಯುವ ರೂಢಿ ಬಂದಾಗ, ಯಂತ್ರದ ಕೋಣೆಯ ಕಾವಿನಿಂದ ಅಂಕಿ ತುಸು ಮೇಲಾಯಿತು. ಎರಡರ ನಡುವಿನ ವ್ಯತ್ಯಾಸ ಡಿಗ್ರಿಯ ಕೆಲವು ಹತ್ತಾಂಶಗಳು ಮಾತ್ರ. ಆದರೆ ಒಂದು ಶತಮಾನದಲ್ಲಿ ಭೂಮಿ ಬಿಸಿಯಾದದ್ದನ್ನು ಅಳೆಯುವಾಗಲೂ ಲೆಕ್ಕ ನಡೆಯುವುದು ಹತ್ತಾಂಶಗಳಲ್ಲೇ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕಡಲು ಅಸಹಜವಾಗಿ ಬೆಚ್ಚಗಿದ್ದು 1945ರಲ್ಲಿ ಥಟ್ಟನೆ ತಂಪಾದಂತೆ ದಾಖಲೆಗಳಲ್ಲಿ ಕಾಣುತ್ತಿದ್ದುದು ಬಹುಕಾಲ ಒಗಟಾಗಿತ್ತು. 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಬೇರನ್ನು ತೋರಿಸಿತು. ಯುದ್ಧಕಾಲದ ದಾಖಲೆಗಳಲ್ಲಿ ಹೆಚ್ಚಿನವು ಯಂತ್ರದ ಕೋಣೆಯ ನೀರನ್ನು ಅಳೆಯುತ್ತಿದ್ದ ಅಮೆರಿಕದ ಹಡಗುಗಳವು. ಯುದ್ಧ ಮುಗಿಯುತ್ತಿದ್ದಂತೆ ಬಕೆಟ್ಟನ್ನು ಬಳಸುತ್ತಿದ್ದ ಬ್ರಿಟಿಷ್ ಹಡಗುಗಳ ಪಾಲು ಹೆಚ್ಚಿತು. ತಂಪಾದದ್ದು ಕಡಲಿಗಿಂತ ಹೆಚ್ಚಾಗಿ ಲೆಕ್ಕವೇ. ಈ ಪ್ರಶ್ನೆಗೆ ಇನ್ನಷ್ಟು ಸಾಮಗ್ರಿ ಒದಗಿಸಲೆಂದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಪೆಸಿಫಿಕ್ ಸಾಗರದಲ್ಲಿ 1941ರಿಂದ 1945ರವರೆಗೆ ಸಂಚರಿಸಿದ ಅಮೆರಿಕದ 19 ಯುದ್ಧನೌಕೆಗಳ ಲಾಗ್‌ಗಳನ್ನು ಸ್ವಯಂಸೇವಕರ ಮುಂದಿಟ್ಟರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸುಮಾರು 28,000 ಪುಟಚಿತ್ರಗಳನ್ನು ಓದಿ ಆರು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಹೊರತೆಗೆದರು. ಇವುಗಳಲ್ಲಿ ಕೆಲವು ಹಡಗುಗಳು 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಬಂದರಿನ ಮೇಲೆ ಜಪಾನಿನ ದಾಳಿ ನಡೆದಾಗ ಅಲ್ಲಿಯೇ ಇದ್ದವು. ಯುದ್ಧದಲ್ಲಿ ರಾತ್ರಿ ಡೆಕ್ಕಿನ ಮೇಲೆ ದೀಪ ಹಚ್ಚಿದರೆ ಶತ್ರುವಿಗೆ ಸುಳಿವು ಸಿಗುವುದರಿಂದ, ಅಳತೆ ಯಾವ ಹೊತ್ತಿನಲ್ಲಿ, ಎಲ್ಲಿ ನಿಂತು ಮಾಡಿದ್ದು ಎಂಬುದೂ ಬದಲಾಗುತ್ತಿತ್ತು. ಅಂಕಿಯ ಜೊತೆಗೆ ಆ ಸಂದರ್ಭವನ್ನೂ ಓದಬೇಕಾಯಿತು.

‘ಓಲ್ಡ್ ವೆದರ್’ ಯೋಜನೆಯ ಮುಂದಿನ ಘಟ್ಟ 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಸಹಕಾರದೊಂದಿಗೆ ಉತ್ತರ ಧ್ರುವದ ಕಡೆ ಹೊರಳಿತು. ಧ್ರುವ ಪ್ರದೇಶದ ಹಿಮದ ಅಂಚು 19ನೆಯ ಶತಮಾನದಲ್ಲಿ ಎಲ್ಲಿತ್ತು ಎಂಬುದನ್ನು ಹೇಳಬಲ್ಲ ದಾಖಲೆಗಳು ಅತಿ ವಿರಳ. ಅಲಾಸ್ಕದ ಸುತ್ತ ಗಸ್ತು ತಿರುಗುತ್ತಿದ್ದ ‘ಬೇರ್’, ‘ಥಾಮಸ್ ಕಾರ್ವಿನ್’ ಮುಂತಾದ ಸರ್ಕಾರಿ ಹಡಗುಗಳ ಅಧಿಕಾರಿಗಳು ಹಿಮ ಕಂಡ ದಿನ, ದಿಕ್ಕು, ಅದರ ದಟ್ಟಣೆಗಳನ್ನು ಬರೆದಿಟ್ಟಿದ್ದರು. ಅಮೆರಿಕದ ಲಾಗ್‌ಗಳಲ್ಲಿ ಹವೆಯನ್ನು ಗಂಟೆಗೊಮ್ಮೆ ಬರೆಯುವ ಪದ್ಧತಿಯಿದ್ದದ್ದು ಇನ್ನೊಂದು ಅನುಕೂಲ. ಈ ಸಂಗ್ರಹದಲ್ಲಿ ‘ಜೆನೆಟ್’ ಹಡಗಿನ ಲಾಗ್‌ಗೆ ವಿಶೇಷ ಸ್ಥಾನವಿದೆ. ಜಾರ್ಜ್ ಡಿ ಲಾಂಗ್ ಎಂಬ ನೌಕಾಧಿಕಾರಿಯ ನಾಯಕತ್ವದಲ್ಲಿ 1879ರ ಜುಲೈನಲ್ಲಿ 33 ಜನರೊಂದಿಗೆ ಸಾನ್ ಫ್ರಾನ್ಸಿಸ್ಕೊದಿಂದ ಧ್ರುವದತ್ತ ಹೊರಟ ಈ ಹಡಗು ಸೆಪ್ಟೆಂಬರ್‌ನಲ್ಲಿ ಹಿಮದ ನಡುವೆ ಸಿಕ್ಕಿಬಿತ್ತು. ಮುಂದಿನ ಇಪ್ಪತ್ತೊಂದು ತಿಂಗಳು ಅದು ಹಿಮ ಒಯ್ದ ಕಡೆಗೆ ತೇಲಿತು. ಹೋಗುವ ದಾರಿಯಿಲ್ಲದೆ ಕುಳಿತವರು ಉಷ್ಣತೆ, ವಾಯುಭಾರ, ಗಾಳಿಗಳನ್ನು ಮಾತ್ರ ತಪ್ಪದೆ ಬರೆಯುತ್ತಲೇ ಇದ್ದರು. 1881ರ ಜೂನ್‌ನಲ್ಲಿ ಹಿಮದ ಒತ್ತಡಕ್ಕೆ ಹಡಗು ನುಚ್ಚುನೂರಾಗಿ ಮುಳುಗಿದಾಗ ಅವರು ದೋಣಿಗಳನ್ನೂ ಆಹಾರವನ್ನೂ ಎಳೆಯುತ್ತಾ ಸೈಬೀರಿಯದ ಕಡೆಗೆ ನಡೆದರು; ಆ ಹೊರೆಯಲ್ಲಿ ಲಾಗ್‌ಪುಸ್ತಕಗಳೂ ಇದ್ದವು. ಲೆನಾ ನದಿಯ ಮುಖಜ ಭೂಮಿಯಲ್ಲಿ ಡಿ ಲಾಂಗ್ ಮತ್ತು ಸಂಗಡಿಗರು ಹಸಿವು ಚಳಿಗಳಿಂದ ಸತ್ತರು, ಒಟ್ಟಿನಲ್ಲಿ ಬದುಕುಳಿದವರು 13 ಜನ. ಅವರಲ್ಲೊಬ್ಬನಾದ ಮುಖ್ಯ ಎಂಜಿನಿಯರ್ ಜಾರ್ಜ್ ಮೆಲ್ವಿಲ್ ಹಿಮದಲ್ಲಿ ಹುಡುಕಾಡಿ ಆ ಪುಸ್ತಕಗಳನ್ನು ಹೊರತಂದನು. ಹೊಟ್ಟೆಗಿಲ್ಲದ ಮನುಷ್ಯರು ಪುಸ್ತಕದ ಭಾರವನ್ನು ಎಳೆದದ್ದು ಕರ್ತವ್ಯದ ಹಟದಿಂದ. ಧ್ರುವ ಪ್ರದೇಶದ ಆ ಎರಡು ವರ್ಷಗಳ ಹವೆಗೆ ಅದಕ್ಕೆ ಸಾಟಿಯಾದ ದಾಖಲೆ ಇಲ್ಲ ಎಂದು ಅವರಿಗೆ ತಿಳಿಯುವ ಬಗೆ ಇರಲಿಲ್ಲ.

ಹೀಗೆ ಕೂಡಿಬಂದ ಅಂಕಿಗಳು ಎರಡು ಕಡೆ ಹೋಗಿ ಸೇರುತ್ತವೆ. ಒಂದು, ಹಡಗುಗಳ ವೀಕ್ಷಣೆಗಳನ್ನೆಲ್ಲ ಒಟ್ಟುಗೂಡಿಸುವ ‘ಐಕೋಡ್ಸ್’ ಎಂಬ ಅಂತರರಾಷ್ಟ್ರೀಯ ದತ್ತಾಂಶ ಸಂಗ್ರಹ. ಅದರ ಅತಿ ಹಳೆಯ ದಾಖಲೆ 1662ರದು. ಇನ್ನೊಂದು, ಮರುವಿಶ್ಲೇಷಣೆ ಎಂದು ಕರೆಯುವ ಲೆಕ್ಕ. ಇಂದಿನ ಹವೆಯ ಮುನ್ಸೂಚನೆ ಮಾಡುವ ಕಂಪ್ಯೂಟರ್ ಮಾದರಿಯನ್ನೇ ಹಿಂದಿನ ಕಾಲಕ್ಕೆ ಓಡಿಸಿ, ಆಗ ಅಲ್ಲಲ್ಲಿ ಅಳೆದಿದ್ದ ವಾಯುಭಾರಗಳಿಗೆ ಹೊಂದುವಂತೆ ಅದನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತಾ ಹೋದರೆ, ಯಾರೂ ಅಳೆಯದ ಜಾಗದಲ್ಲೂ ಗಾಳಿ ಹೇಗೆ ಬೀಸಿರಬೇಕು, ಮಳೆ ಎಲ್ಲಿ ಸುರಿದಿರಬೇಕು ಎಂಬುದು ಹೊರಬರುತ್ತದೆ. ವಾಯುಭಾರದ ಏರಿಳಿತವೇ ಗಾಳಿಯನ್ನು ನಡೆಸುವುದರಿಂದ ಇದು ಸಾಧ್ಯ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ನೇತೃತ್ವದ ‘ಇಪ್ಪತ್ತನೆಯ ಶತಮಾನದ ಮರುವಿಶ್ಲೇಷಣೆ’ಯ ಮೂರನೆಯ ಆವೃತ್ತಿ 1836ರಿಂದ 2015ರವರೆಗಿನ ಹವೆಯನ್ನು ಮೂರು ಮೂರು ಗಂಟೆಗಳಿಗೊಮ್ಮೆ ಕಟ್ಟಿಕೊಡುತ್ತದೆ. ಅದು ಒಂದೇ ಉತ್ತರ ಕೊಡದೆ 80 ಸಮಾನಾಂತರ ಉತ್ತರಗಳನ್ನು ಕೊಡುತ್ತದೆ. ಎಂಬತ್ತೂ ಒಂದೇ ಮಾತು ಹೇಳಿದ ಕಡೆ ಲೆಕ್ಕವನ್ನು ನಂಬಬಹುದು, ಒಂದೊಂದು ಒಂದೊಂದು ದಿಕ್ಕಿಗೆ ಎಳೆದ ಕಡೆ ತಿಳಿವಳಿಕೆ ಸಾಲದು ಎಂದರ್ಥ. ಬ್ರೋಹನ್ ಸಿದ್ಧಪಡಿಸಿದ ಚಲಿಸುವ ನಕಾಶೆಗಳಲ್ಲಿ ಇಂಥ ತಿಳಿಯದ ಪ್ರದೇಶಗಳ ಮೇಲೆ ಬೂದು ಮಂಜು ಕವಿದಿರುತ್ತದೆ. ಹಡಗೊಂದರ ದಾಖಲೆ ಬಂದು ಸೇರಿದ ಕಡೆ ಆ ಮಂಜು ಚದುರಿ ಕೆಳಗಿನ ಗಾಳಿ ಕಾಣಿಸಿಕೊಳ್ಳುತ್ತದೆ.

ಹಡಗಿನ ಲಾಗ್‌ನಿಂದ ಹವೆಯನ್ನು ಹೆಕ್ಕುವ ಆಲೋಚನೆ ಹೊಸದಲ್ಲ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೋರಿ 1842ರಲ್ಲಿ ನಕಾಶೆ ಮತ್ತು ಉಪಕರಣಗಳ ಉಗ್ರಾಣದ ಹೊಣೆ ಹೊತ್ತಾಗ ಅಲ್ಲಿ ಬಿದ್ದಿದ್ದ ಹಳೆಯ ಲಾಗ್‌ಗಳನ್ನು ಬಿಚ್ಚಿಸಿ ಗಾಳಿ ಮತ್ತು ಪ್ರವಾಹಗಳ ನಕಾಶೆಗಳನ್ನು ಬರೆಸಿದನು. ತಮ್ಮ ಲಾಗ್ ಕೊಟ್ಟ ಕಪ್ತಾನರಿಗೆ ಆ ನಕಾಶೆ ಉಚಿತವಾಗಿ ಸಿಗುತ್ತಿತ್ತು. 1853ರಲ್ಲಿ ಅವನ ಪ್ರಯತ್ನದಿಂದ ಬ್ರಸೆಲ್ಸ್‌ನಲ್ಲಿ ಸೇರಿದ ಹತ್ತು ರಾಷ್ಟ್ರಗಳ ಸಭೆ ಲಾಗ್ ಬರೆಯುವ ಸಮಾನ ನಮೂನೆಯೊಂದನ್ನು ಒಪ್ಪಿತು. ಅದಕ್ಕೂ ಮೊದಲೇ ಕಲ್ಕತ್ತೆಯಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ಬಿರುಗಾಳಿಗೆ ಸಿಕ್ಕ ಹಡಗುಗಳ ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಹಡಗುಗಳಿಗೆ ಬೇರೆ ಬೇರೆ ದಿಕ್ಕಿನಿಂದ ಗಾಳಿ ಬೀಸಿದ್ದನ್ನು ಗುರುತಿಸಿ, ಆ ಗಾಳಿ ಒಂದು ಕೇಂದ್ರದ ಸುತ್ತ ಸುತ್ತುತ್ತದೆ ಎಂಬುದನ್ನು ವಿವರಿಸುತ್ತಿದ್ದನು. ಸುರುಳಿ ಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಮೂಲದಿಂದ ಅವನು 1848ರಲ್ಲಿ ಕಟ್ಟಿದ ‘ಸೈಕ್ಲೋನ್’ ಎಂಬ ಶಬ್ದ ಇಂದು ಕನ್ನಡ ಪತ್ರಿಕೆಗಳಲ್ಲೂ ಅಕ್ಟೋಬರ್ ಬಂತೆಂದರೆ ಕಾಣಿಸುತ್ತದೆ.

ಭಾರತದ ಸುತ್ತಲಿನ ಕಡಲಿಗೆ ಸಂಬಂಧಿಸಿದ ದೊಡ್ಡ ಭಂಡಾರವೆಂದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಲಾಗ್‌ಗಳು. ಪ್ರತಿ ಪ್ರಯಾಣದ ಕೊನೆಗೆ ಕಪ್ತಾನರು ಅವನ್ನು ಕಂಪನಿಗೆ ಒಪ್ಪಿಸಬೇಕಾಗಿದ್ದುದರಿಂದ ಅವು ಚದುರದೆ ಉಳಿದು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಕಂಪನಿಯ ನಕಾಶೆಗಳ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಡಾಲ್ರಿಂಪಲ್ ಕೊಟ್ಟ ಪ್ರೋತ್ಸಾಹದಿಂದ 18ನೆಯ ಶತಮಾನದ ಕೊನೆಯ ಹೊತ್ತಿಗೆ ಹಲವು ಕಪ್ತಾನರು ಉಷ್ಣತಾಮಾಪಕ, ವಾಯುಭಾರಮಾಪಕಗಳನ್ನೂ ಬಳಸತೊಡಗಿದರು. ಅಂಥ ಅಳತೆಗಳಿರುವ 891 ಲಾಗ್‌ಗಳಿಂದ 1789ರಿಂದ 1834ರವರೆಗಿನ 2,73,000 ದಾಖಲೆಗಳನ್ನು ತೆಗೆದು ಬ್ರೋಹನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. 1815ರಲ್ಲಿ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದ ಮೇಲೆ ಕಡಲ ಮೇಲಿನ ಗಾಳಿ ಎಷ್ಟು ತಂಪಾಯಿತು ಎಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ಹೇಳಲು ಅವು ನೆರವಾದವು. ಯಂತ್ರಗಳಿಲ್ಲದ ಹಳೆಯ ಲಾಗ್‌ಗಳೂ ವ್ಯರ್ಥವಲ್ಲ. 2000ದಿಂದ 2003ರವರೆಗೆ ಯುರೋಪಿನ ಹಲವು ದೇಶಗಳ ವಿದ್ವಾಂಸರು ಸೇರಿ 1750ರಿಂದ ಈಚಿನ ಸುಮಾರು ನೂರು ವರ್ಷಗಳ ಇಂಗ್ಲಿಷ್, ಡಚ್, ಸ್ಪ್ಯಾನಿಷ್, ಫ್ರೆಂಚ್ ಲಾಗ್‌ಗಳಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ತೆಗೆದು, ಬೋಫರ್ಟನಿಗಿಂತ ಹಿಂದೆ ನಾಲ್ಕು ಭಾಷೆಗಳ ನಾವಿಕರು ಗಾಳಿಗೆ ಬಳಸುತ್ತಿದ್ದ ನೂರಾರು ಶಬ್ದಗಳು ಅವನ ಯಾವ ಅಂಕಿಗೆ ಸಮ ಎಂಬುದಕ್ಕೆ ನಿಘಂಟನ್ನೇ ಸಿದ್ಧಪಡಿಸಿದರು.

ಅರಬ್ಬೀ ಸಮುದ್ರದ ಮೇಲೆ ಗಾಳಿ ನೈಋತ್ಯದಿಂದ ಬೀಸತೊಡಗಿ ಗಟ್ಟಿಯಾಗಿ ನಿಂತ ದಿನವೇ ಮುಂಗಾರಿನ ಆರಂಭ. ಹಡಗುಗಳು ಬರೆದಿಟ್ಟ ಗಾಳಿಯ ದಿಕ್ಕನ್ನಷ್ಟೇ ಆಧಾರವಾಗಿಟ್ಟುಕೊಂಡು 19ನೆಯ ಶತಮಾನದ ಕೊನೆಯ ಭಾಗದಿಂದ ಈಚೆಗೆ ಭಾರತದ ಮುಂಗಾರು ಪ್ರತಿವರ್ಷ ಯಾವಾಗ ಬಂತೆಂಬುದನ್ನು ಸ್ಪೇನಿನ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ದಾಖಲೆಗಳು ಬೇಕು, ದಾಖಲೆಗಳು ಬೇಕಾದರೆ ಓದುವವರು ಬೇಕು. ಕೈಬರಹವನ್ನು ಓದುವ ಯಂತ್ರಗಳು ಈಚೆಗೆ ಸುಧಾರಿಸುತ್ತಿವೆ ನಿಜ, ಆದರೆ ಅವುಗಳ ಓದು ಸರಿಯೇ ಎಂದು ತಾಳೆ ನೋಡಲು ಬಳಸುವುದು ಸ್ವಯಂಸೇವಕರು ಮಾಡಿಟ್ಟ ನಕಲುಗಳನ್ನೇ. ಜನ ಮನಸ್ಸು ಮಾಡಿದರೆ ಕೆಲಸ ಎಷ್ಟು ಬೇಗ ಸಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ: 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮನೆಯೊಳಗೇ ಉಳಿದಿದ್ದ ಸುಮಾರು 16,000 ಮಂದಿ ಬ್ರಿಟನ್ನಿನ ಹಳೆಯ ಮಳೆ ಲೆಕ್ಕದ 66,000 ಹಾಳೆಗಳ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ಹದಿನಾರೇ ದಿನಗಳಲ್ಲಿ ನಕಲು ಮಾಡಿ ಮುಗಿಸಿದರು. ಇಂಥ ಯೋಜನೆಗಳಿಗೆ ಸೇರಲು ಪದವಿ ಬೇಕಿಲ್ಲ, ಹಣ ಕೊಡಬೇಕಿಲ್ಲ; ಅಂತರಜಾಲ, ಇಂಗ್ಲಿಷ್ ಅಂಕಿ ಅಕ್ಷರಗಳ ಪರಿಚಯ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು. ಮೃಗಶಿರಾ ಮಳೆ ಈ ವರ್ಷ ಹೊತ್ತಿಗೆ ಬಂತೇ ಎಂದು ಪ್ರತಿ ಜೂನ್‌ನಲ್ಲೂ ಆಕಾಶ ನೋಡುವ ಕನ್ನಡ ನಾಡಿನವರು, ಇನ್ನೂರು ವರ್ಷಗಳ ಹಿಂದೆ ಅದೇ ಗಾಳಿಯಲ್ಲಿ ಹಾಯಿ ಬಿಚ್ಚಿದವರ ಕೈಬರಹವನ್ನು ಒಮ್ಮೆ ತೆರೆದು ನೋಡಬಹುದು.